ಐದು ಅಂಕದ ಪ್ರಶ್ನೆ

ಮೂವತ್ತೊಂದು ವರ್ಷ ಕಪ್ಪುಹಲಗೆಯ ಮೇಲೆ
ಮೇಜು ಬರೆದೆ. ಎಡಕ್ಕೆ ಫೋರ್ಕು, ಬಲಕ್ಕೆ ಚಾಕು,
ಚಾಕುವಿನ ಬಾಯಿ ತಟ್ಟೆಯ ಕಡೆಗೆ,
ನಡುವೆ ಹೂದಾನಿ,
ಅದರಲ್ಲಿ ಕೆಂಪು ಸೀಮೆಸುಣ್ಣದ ಗುಲಾಬಿ.
ಬೆಲ್ಲು ಹೊಡೆದರೆ ಡಸ್ಟರಿನ ಒಂದೇ ಏಟಿಗೆ
ಯಾರೂ ಉಣ್ಣದೆಯೇ ಮೇಜು ಖಾಲಿ.

ನನ್ನ ಮನೆಯಲ್ಲಿ ಊಟ ನೆಲದ ಮೇಲೆ.
ಹುಡುಗಿಯರು ಕೇಳಲಿಲ್ಲ, ನಾನೂ ಹೇಳಲಿಲ್ಲ,
ಅವರ ಮನೆಗಳಲ್ಲೂ ನೆಲವೇ ಇತ್ತು.
ಪ್ರಶ್ನೆಪತ್ರಿಕೆಯಲ್ಲಿ ಮಾತ್ರ ವರ್ಷ ವರ್ಷವೂ:
ಮೇಜಿನ ಅಲಂಕಾರದ ನಿಯಮಗಳನ್ನು ಬರೆಯಿರಿ. ಐದು ಅಂಕ.

ನಿವೃತ್ತಿಗೆ ಇನ್ನು ಎಂಟು ದಿನ ಇದೆ ಅನ್ನುವಾಗ
ಹಗೇದಿಬ್ಬ ಸರ್ಕಲ್ಲಿನ ಹಳೇ ಸಾಮಾನಿನ ಅಂಗಡಿಯಿಂದ
ತೇಗದ ಮೇಜೊಂದು ಗಾಡಿ ಹತ್ತಿ ಬಂತು.
ಮುಚ್ಚಿದ ಹತ್ತಿ ಗಿರಣಿಯ ಗೆಸ್ಟ್‌ಹೌಸಿನದಂತೆ,
ದೊರೆಗಳು ಉಂಡದ್ದಂತೆ.
ಇರಲಿ. ಒಂದು ಕಾಲು ಮೋಟು.
ಅದರಡಿಗೆ ಮಡಚಿ ಇಟ್ಟದ್ದು
ಎಂಟನೇ ಕ್ಲಾಸಿನ ಯಾರದೋ ಉತ್ತರಪತ್ರಿಕೆ.

ಗುಲಾಬಿ ನನ್ನವೇ. ಕಾಂಪೌಂಡಿನ ಮೇಲೆ ಬಣ್ಣದ ಡಬ್ಬಿಗಳಲ್ಲಿ
ಅಕ್ಕಿ ತೊಳೆದ ನೀರು ಕುಡಿದು ಬದುಕಿದವು.
ಈ ಮೇ ತಿಂಗಳ ಕೊನೆಯ ಬಿಸಿಲಿಗೆ ಹೂವು ಗಿಡ್ಡ,
ಅಂಚು ಕಂದು, ಸುಟ್ಟ ಹಪ್ಪಳದ ಹಾಗೆ.
ಬೆಳಕು ಹರಿಯುವ ಮೊದಲೇ ಕತ್ತರಿ ಹಿಡಿದೆ.
ದಂಟು ಓರೆಯಾಗಿ ಕೊಯ್ದು, ಕೆಳಗಿನ ಎಲೆ ಚಿವುಟಿ,
ಬಕೆಟ್ಟಿನಲ್ಲಿ ಕುತ್ತಿಗೆವರೆಗೆ ಮುಳುಗಿಸಿ
ಬಚ್ಚಲ ಕತ್ತಲಲ್ಲಿ ಇಟ್ಟೆ ಸಂಜೆಯ ತನಕ.
ಏಳು ಹೂವು. ಬೆಸ ಸಂಖ್ಯೆಯೇ ಚಂದ,
ಅದು ನಾಲ್ಕನೇ ನಿಯಮ.

ಹೂದಾನಿ ಎಲ್ಲಿಂದ ಬರಬೇಕು?
ಅವ್ವನ ಉಪ್ಪಿನಕಾಯಿ ಭರಣಿ ತೊಳೆದೆ,
ಮೂರು ಸಲ ತೊಳೆದರೂ ಇಂಗಿನ ವಾಸನೆ.

ಬಂದರು. ಹಿಂದಿಯ ಸುಲೋಚನಾಬಾಯಿ,
ಪೀಟಿ ಮೇಡಂ ಖಮರುನ್ನಿಸಾ,
ಎಲ್ಲರ ಹಿಂದೆ, ಚಪ್ಪಲಿ ಗೇಟಿನಲ್ಲೇ ಬಿಟ್ಟು,
ಅಟೆಂಡರ್ ದುರುಗವ್ವ.

ಇಪ್ಪತ್ತಾರು ವರ್ಷ ಬೆಲ್ಲು ಹೊಡೆದವಳು.
ನನ್ನ ಎಷ್ಟು ಮೇಜು ಅಳಿಸಿಹೋದವು ಅವಳ ಕೈಯಿಂದ!
ಸ್ಟಾಫ್‌ರೂಮಿಗೆ ಚಹಾ ತಂದು, ಲೋಟ ಇಟ್ಟು,
ಬಾಗಿಲ ಕಡೆ ತಿರುಗಿಬಿಡುತ್ತಿದ್ದಳು.
ಅವಳ ಮುಖ ಎಂದರೆ ನನಗೆ
ಒಂದು ಕಿವಿ, ಒಂದು ಓಲೆ, ಅರ್ಧ ಕೆನ್ನೆ.

"ಕುಂದ್ರು ದುರುಗವ್ವ."
"ಇಲ್ಲೇ ಕೆಳಗ ಕುಂದ್ರತೀನಿ ಬಿಡ್ರಿ, ನಡಾ ನೋವೈತೆ."
ನಡ ನೋಯುವವರು ಕೆಳಗೆ ಕೂರುತ್ತಾರೆಯೆ?
ಖಮರುನ್ನಿಸಾ ಕುರ್ಚಿ ಎಳೆದಳು,
ಆಟದ ಬಯಲಿನ ಅದೇ ದನಿ: "ಸಿಟ್!"
ದುರುಗವ್ವ ಕೂತಳು. ಕುರ್ಚಿಯ ತುದಿಯಲ್ಲಿ,
ಬಸ್ಸಿನಲ್ಲಿ ಮೂರನೆಯವಳಾಗಿ ಕೂತ ಹಾಗೆ.

ಹೂವು ಕಣ್ಣಿನ ಮಟ್ಟಕ್ಕಿಂತ ಕೆಳಗಿರಬೇಕು,
ಎದುರು ಕೂತವರ ಮುಖ ಕಾಣಬೇಕು.
ಇದು ಮೊದಲನೇ ನಿಯಮ. ಎಷ್ಟು ಸಲ ಬರೆಸಿದ್ದೇನೆ,
ಬಾಯಿಪಾಠ ಒಪ್ಪಿಸಿಕೊಂಡಿದ್ದೇನೆ.
ಗಿಡ್ಡ ಗುಲಾಬಿಗಳ ಮೇಲಿಂದ ನೋಡಿದೆ.
ಗಲ್ಲದ ಮೇಲೆ ಹಚ್ಚೆಯ ಮೂರು ಚುಕ್ಕೆ.
ಎರಡು ಕಣ್ಣೂ ಒಟ್ಟಿಗೆ.

ಅವಳು ನೋಡುತ್ತಿದ್ದದ್ದು ಹೂವನ್ನು.
"ಮುಡಿಯೋ ಹೂವ ನೀರಾಗ್ ಯಾಕಿಟ್ಟೀರಿ ಮೇಡಮ್ಮೋರೆ?"
ಅಂದವಳೇ ಒಂದನ್ನು ಎತ್ತಿ, ದಂಟು ಲಟಕ್ಕನೆ ಮುರಿದು
ತುರುಬಿಗೆ ಸಿಕ್ಕಿಸಿಕೊಂಡಳು.

ಅಲ್ಲಿಂದ ಮುಂದೆ ಶಿಸ್ತು ಎಲ್ಲಿಯದು.
ಖಮರುನ್ನಿಸಾ ಚೀಲ ಬಿಚ್ಚಿದಳು,
ಭರಣಿ ಪಕ್ಕಕ್ಕೆ ಸರಿಸಿ ಪೇಪರು ಹಾಸಿ
ಸುರಿದೇ ಬಿಟ್ಟಳು ನರಗೀಸ್ ಮಂಡಕ್ಕಿ.
"ನರಗೀಸೂ ಒಂದು ಹೂವೇ ಕಣ್ರೀ,
ನಿಮ್ಮ ಪಾಠದಲ್ಲಿ ಇರಲಿಲ್ಲವಾ?"
ಬಿಸಿ ಮಿರ್ಚಿ, ಹಸಿ ಈರುಳ್ಳಿ, ನಾಲ್ಕು ಕೈ ಒಂದೇ ರಾಶಿಗೆ.
ಫ್ಯಾನಿನ ಗಾಳಿಗೆ ಎಸಳು ಉದುರಿ
ಮಂಡಕ್ಕಿಯೊಳಗೆ ಬಿದ್ದವು.
ಸುಲೋಚನಾಬಾಯಿ ಒಂದನ್ನು ಅಗಿದು
"ಸ್ವಲ್ಪ ಒಗರು" ಅಂದರು.

ಕರೆಂಟು ಹೋಯಿತು. ರೋಹಿಣಿ ಮಳೆಯ ಸದ್ದು
ಎಲ್ಲೋ ಆವರಗೆರೆಯ ಕಡೆ. ಇಲ್ಲಿಗೆ ಬರಲಿಲ್ಲ.

ಅವರು ಹೋದ ಮೇಲೆ ಬ್ಯಾಟರಿ ಬಿಟ್ಟು ನೋಡಿದೆ:
ಎಡಕ್ಕೆ ಫೋರ್ಕು, ಬಲಕ್ಕೆ ಚಾಕು, ಯಾರೂ ಮುಟ್ಟಿಲ್ಲ.
ಭರಣಿಯಲ್ಲಿ ಆರು ಹೂವು, ಅದೂ ಸಮ ಸಂಖ್ಯೆ.
ಅರ್ಧ ಅಂಕ ಕಳೆಯಬೇಕು, ನ್ಯಾಯವಾಗಿ.
ಕೆಂಪು ಪೆನ್ನು ಎಲ್ಲಿಟ್ಟೆನೋ.