ಹೊಟ್ಟಿನ ಚೀಲ

ಇವತ್ತು ರಾತ್ರಿ ಏಳು ಪ್ರೋಗ್ರಾಮು ಕೊಲ್ಲಬೇಕು.
ಐದು ಆಗಿವೆ. ಕೊಲ್ಲುವುದು ಸುಲಭ:
ಒಂದು ಸಾಲಿನ ಆಜ್ಞೆ, ಹನ್ನೊಂದನೇ ನಂಬರಿನ ಸಿಗ್ನಲ್ಲು.
ಕಷ್ಟ ಆಮೇಲಿನದು,
ಎಲ್ಲಿದ್ದೆ, ಏನು ಮಾಡುತ್ತಿದ್ದೆ ಅಂತ
ಸತ್ತದ್ದನ್ನೇ ಕೇಳುವುದು.

ಕಪನೂರಿನ ಬೇಳೆ ಮಿಲ್ಲಿನ ಆಫೀಸು.
ಹಗಲು ಇಲ್ಲಿ ತೂಕದ ಚೀಟಿ ಬರೆಯುವವಳು ನಾನು.
ರಾತ್ರಿ, ಸೇಠರ ಇಂಟರ್ನೆಟ್ಟಿನಲ್ಲಿ,
ಯಾರ ಸ್ವತ್ತೂ ಅಲ್ಲದ ಒಂದು ಆಪರೇಟಿಂಗ್ ಸಿಸ್ಟಮ್ಮಿಗೆ
ಸಂಬಳವಿಲ್ಲದ ಪರೀಕ್ಷಕಿ.
ತಂಗಿ ಕೇಳುತ್ತಾಳೆ, "ಏನ್ ಸಿಗ್ತದ ಅದ್ರಾಗ?"
ಹೊಟ್ಟು, ಅಂತೀನಿ.

ಸುಳ್ಳಲ್ಲ.
ತೊಗರಿಗೆ ಎಣ್ಣೆ ಸವರಿ, ಅಂಗಳದಲ್ಲಿ ಒಣಗಿಸಿ,
ರೋಲರಿಗೆ ಕೊಟ್ಟರೆ
ಬೇಳೆಗೊಂದು ದಾರಿ, ಹೊಟ್ಟಿಗೊಂದು ದಾರಿ.
ಪ್ರೋಗ್ರಾಮೂ ಹಾಗೇ. ಬರೆದವರು ಇಟ್ಟ ಹೆಸರು,
ಯಾವ ಫೈಲು, ಎಷ್ಟನೇ ಸಾಲು,
ಎಲ್ಲ ಸುಲಿದು ಹಗುರ ಮಾಡಿ ಕಳಿಸುತ್ತಾರೆ.
ಓಡುವುದಕ್ಕೆ ಹೆಸರು ಬೇಕಿಲ್ಲ.
ಬಿದ್ದಾಗ ಬೇಕು.

ಅದಕ್ಕೇ ಹೊಟ್ಟನ್ನು ಬೇರೆ ಚೀಲದಲ್ಲಿ ಕಟ್ಟಿ
ಬೇಳೆ ಚೀಲದ್ದೇ ಲಾಟ್ ನಂಬರು,
ನಲವತ್ತು ಅಕ್ಷರದ್ದು, ಇದರ ಮೇಲೂ ಹೊಡೆದಿರುತ್ತಾರೆ.
ನಾನು ನೋಡಬೇಕಾದದ್ದು ಇಷ್ಟೇ:
ಚೀಲ ಇದೆಯಾ, ಬಿಚ್ಚುತ್ತದಾ,
ಈ ಹೊಟ್ಟು ಈ ಬೇಳೆಯದೇನಾ.

ಆರನೆಯದನ್ನು ಕೊಂದೆ. ಪರದೆ ಹೇಳಿತು:
೦  ??
೧  ??
೨  ??
ಚೀಲ ಬಿಚ್ಚಿದೆ. ಮತ್ತೆ ಕೊಂದೆ.
ಹೆಸರು ಬಂದವು, ಮುಖ ತೊಳಕೊಂಡ ಮಕ್ಕಳ ಹಾಗೆ,
ಒಂದರ ಹಿಂದೆ ಒಂದು.
ಇನ್ನೂರಾ ಹದಿನೇಳನೇ ಸಾಲಿನಲ್ಲಿ, ಪಾಪ,
ಯಾರದಾದರೂ ಬೆರಳು ಕೀಲಿಗೆ ತಾಗಲಿ ಅಂತ
ಕಾಯುತ್ತಾ ಕೂತಿತ್ತು ಅದು, ನಾನು ಕೊಂದಾಗ.

ಏಳನೆಯದು ಹಟ ಹಿಡಿದಿದೆ.
ಚೀಲದ ನಂಬರು ಬೇರೆ, ನನ್ನ ನಂಬರು ಬೇರೆ,
ಒಲ್ಲೆ, ಅನ್ನುತ್ತದೆ.
ಒತ್ತಾಯ ಮಾಡಿ ತುರುಕಬಹುದು, ದಾರಿ ಗೊತ್ತು ನನಗೆ.
ಹೆಸರೂ ಬರುತ್ತವೆ, ಚೆನ್ನಾಗಿ ಓದಲಿಕ್ಕೂ ಬರುತ್ತವೆ.

ಕೈ ತಡೆಯಿತು.

ಹೋದ ಏಪ್ರಿಲ್ಲಿನಲ್ಲಿ, ಹಸನು ಮಾಡುವ ಶೆಡ್ಡಿನಲ್ಲಿ
ಟೋಕನ್ ನಲವತ್ತೊಂದು ಬಿಸಿಲಿಗೆ ಬಿದ್ದಳು.
ಆಸ್ಪತ್ರೆಯ ಚೀಟಿಗೆ ಹೆಸರು ಬೇಕಿತ್ತು.
ಹಾಜರಿ ಪುಸ್ತಕದಲ್ಲಿ ಇದ್ದದ್ದು ೪೧.
ಅದನ್ನು ಹಾಗೆ ಬರೆಯುತ್ತಿದ್ದವಳೂ ನಾನೇ.
ಮುಕಾದಮ ಲಾಡ್ಲೇಸಾಬನ ನೋಟುಬುಕ್ಕು ತೆಗೆಸಿದೆ:
ನಲವತ್ತೊಂದು, ಜಗದೇವಿ. ದುಂಡಗೆ ಬರೆದು ಕೊಟ್ಟೆ.

ನೋಟುಬುಕ್ಕು ಹಿಂದಿನ ವರ್ಷದ್ದು.

ಫರಹತಾಬಾದಿನಿಂದ ಜಗದೇವಿಯ ಗಂಡ
ಬೈಕಿನ ಮೇಲೆ ಅಳುತ್ತಾ ಬಂದ.
ಜಗದೇವಿ ಆಗ ಹುಮ್ನಾಬಾದ್ ರೋಡಿನ ಇನ್ನೊಂದು ಮಿಲ್ಲಿನಲ್ಲಿ
ಕಡಲೆ ಕೇರುತ್ತಿದ್ದಳು.
ಇತ್ತ ಇವಳ ಅಕ್ಕ ವಾರ್ಡಿನಿಂದ ವಾರ್ಡಿಗೆ,
"ತುಳಜಾಬಾಯಿ ಅಂತ ಯಾರರೆ ಬಂದಾರೇನ್ರಿ?"
ಇಲ್ಲ ಎಂದರು. ಪಟ್ಟಿಯಲ್ಲಿ ಇರಲಿಲ್ಲ.
ಎರಡು ತಾಸು ನರ್ಸು ಮಂಚದ ಪಕ್ಕ ನಿಂತು
ಜಗದೇವೀ, ಜಗದೇವೀ ಅಂತ ಕೆನ್ನೆ ತಟ್ಟುತ್ತಿದ್ದಳಂತೆ.
ಕಣ್ಣು ಬಿಟ್ಟವಳು ಕೇಳಿದ್ದು ಒಂದೇ,
"ಅರ್ಧಾ ಪಗಾರ ಹಿಡೀತಾರೇನು?"

ಖಾಲಿ ಬಿಟ್ಟಿದ್ದರೆ, ಎರಡು ಪ್ರಶ್ನೆಚಿಹ್ನೆ ಹಾಕಿದ್ದರೆ,
ಆ ಅಕ್ಕ ಒಳಗೆ ಬಂದು ಮುಖ ನೋಡುತ್ತಿದ್ದಳೇನೋ.

ಎರಡೂವರೆ ಗಂಟೆ. ವರದಿ ಬರೆಯುತ್ತೇನೆ:
ಆರು ಸರಿ. ಏಳನೆಯದರ ಚೀಲ ಹಳೆ ಸುಗ್ಗಿಯದು,
ಮತ್ತೆ ಕಟ್ಟಿ ಕಳಿಸಿ. ಅಲ್ಲಿಯತನಕ
?? ಇರಲಿ, ಯಾರೂ ಅಳಿಸಬೇಡಿ.

ಎಂಟಕ್ಕೆ ಭೋಂಗಾ ಆಗುತ್ತದೆ.
ಹಾಜರಿ ಪುಸ್ತಕಕ್ಕೆ ಈಗೊಂದು ಹೊಸ ಕಾಲಮ್ಮು ಎಳೆದಿದ್ದೇನೆ,
ಸ್ಕೇಲು ಜಾರಿ ಸ್ವಲ್ಪ ಸೊಟ್ಟಗಿದೆ.
ತುಳಜಾಬಾಯಿಯ ಟೋಕನ್ ಈ ವರ್ಷ ಹದಿನೇಳು.
ಹದಿನೇಳು ಅಂದರೆ ತಟ್ಟನೆ ತಿರುಗುತ್ತಾಳೆ.
ಹೆಸರು ಹಿಡಿದು ಕರೆದರೂ ತಿರುಗುತ್ತಾಳೆ,
ಒಂದು ಗಳಿಗೆ ತಡವಾಗಿ.