ಒರೆಗೆ ಹಚ್ಚಿದ ಪೆಟ್ರೋಲು

‘ಸಾದಾನೋ ಮೇಡಂ, ಪ್ರೀಮಿಯಮ್ಮೋ?’
ಹಟ್ಟಿ ಕ್ರಾಸಿನ ಬಂಕಿನಲ್ಲಿ ಗದ್ದೆಪ್ಪ ಕೇಳುತ್ತಾನೆ,
ಕೈ ಆಗಲೇ ದುಬಾರಿ ಪಂಪಿನ ಮೇಲಿಟ್ಟು.
ಲೀಟರಿಗೆ ಎಂಟು ರೂಪಾಯಿ ಹೆಚ್ಚು.
‘ಎಂಜಿನ್ ಬೆಣ್ಣಿ ಹಂಗ ಓಡ್ತದ್ರೀ.’

ನನ್ನ ಕೆಲಸ ಚಿನ್ನದ ಗಣಿಯ ಲ್ಯಾಬಿನಲ್ಲಿ.
ಕಲ್ಲಿನ ಹಿಟ್ಟು ಬರುತ್ತದೆ ಪೊಟ್ಟಣ ಕಟ್ಟಿಕೊಂಡು.
ಕುಲುಮೆಯಲ್ಲಿ ಕರಗಿ, ಬೂದಿಯ ಬಟ್ಟಲು
ಸೀಸವನ್ನೆಲ್ಲ ಕುಡಿದಾದ ಮೇಲೆ
ತಳದಲ್ಲೊಂದು ಮಣಿ ಉಳಿಯುತ್ತದೆ,
ಸಾಸಿವೆ ಅದರ ಮುಂದೆ ಕುಂಬಳಕಾಯಿ.
ಅದನ್ನು ತೂಗಿ ನಾನು ಬರೆದ ಅಂಕಿಯ ಮೇಲೆ
ಯಾವ ಗೋಡೆ ಒಡೆಯಬೇಕು, ಯಾವುದು ಬಿಡಬೇಕು
ಎಂದು ಕೆಳಗೆ, ಕತ್ತಲಲ್ಲಿ, ತೀರ್ಮಾನವಾಗುತ್ತದೆ.
ಇಂಥವಳಿಗೆ ಬೆಣ್ಣೆಯ ಮಾತು ಹೇಳಿದರೆ?

ನೋಟುಬುಕ್ಕು ತೆಗೆದೆ.
ಹನ್ನೊಂದು ವರ್ಷದ ಕಾರು, ಮೂರನೆಯ ಯಜಮಾನಿ ನಾನು,
ಹಿಂದಿನ ಗಾಜಿನ ಮೇಲೆ ಇನ್ನೂ
ಯಾರೋ ದಂತವೈದ್ಯರ ಸ್ಟಿಕ್ಕರಿನ ಅಂಟು.
ನಾಲ್ಕು ಸಲ ಪ್ರೀಮಿಯಂ, ನಾಲ್ಕು ಸಲ ಸಾದಾ,
ಹೊರಡುವಾಗ ಬಾಯಿತನಕ, ಬಂದ ಮೇಲೆ ಮತ್ತೆ ಬಾಯಿತನಕ.
ಅದೇ ರಾಯಚೂರಿನ ದಾರಿ, ಅದೇ ಕವಿತಾಳದ ಚಹಾ,
ಗಾಲಿಯ ಗಾಳಿ ಮೂವತ್ತಮೂರಕ್ಕೆ ನಿಲ್ಲಿಸಿ.

ಹದಿನೆಂಟೂವರೆ. ಹತ್ತೊಂಬತ್ತು. ಹದಿನೆಂಟು ಮುಕ್ಕಾಲು.
ಪ್ರೀಮಿಯಂ ಒಮ್ಮೆ ಗೆದ್ದಿತು, ಆ ವಾರ ಏಸಿ ಹಚ್ಚಿರಲಿಲ್ಲ.
ಸಾದಾ ಒಮ್ಮೆ ಗೆದ್ದಿತು, ಬೆನ್ನಿಗೆ ಗಾಳಿಯಿತ್ತು.
ಒಂದು ಅಂಕಿಯನ್ನು ಬದಿಗಿಟ್ಟು ಸರಾಸರಿ ತೆಗೆದರೆ
ವ್ಯತ್ಯಾಸ ಕಾಲು ಕಿಲೋಮೀಟರು;
ನಮ್ಮ ಲ್ಯಾಬಿನಲ್ಲಿ ಇದಕ್ಕೆ ಚಿನ್ನ ಎನ್ನುವುದಿಲ್ಲ,
ತಕ್ಕಡಿಯ ನಡುಕ ಎನ್ನುತ್ತೇವೆ.

ಲಿಂಗಸುಗೂರಿನ ಮೆಕ್ಯಾನಿಕ್ ಮೌಲಾಲಿ
ಬಾನೆಟ್ಟಿನಿಂದ ತಲೆ ಎತ್ತದೆಯೇ ಕೇಳಿದ:
‘ಏರು ಹತ್ತೋವಾಗ ಟಕಟಕ ಅಂತದೇನು?’
ಇಲ್ಲ.
‘ಮತ್ತ ಯಾಕ ಆ ಔಷಧ? ಬ್ಯಾನಿ ಇಲ್ಲದವಂಗ
ಸಲಾಯಿನ್ ಏರಿಸಿದಂಗಾತು.
ಅದನ್ನ ಕೇಳೋ ಗಾಡಿ ಬ್ಯಾರೆ ಅದಾವ.
ನಿಮ್ಮದು ಜ್ವಾಳದ ರೊಟ್ಟಿ ತಿನ್ನೋ ಕುಲ.
ಮೊದಲ ಈ ಏರ್ ಫಿಲ್ಟರ್ ಜಾಡಿಸ್ರಿ,
ಅರ್ಧ ಕವಿತಾಳ ರಸ್ತೆ ಇದರಾಗೇ ಅದ.’

ಪುಸ್ತಕ ಮುಚ್ಚಬಹುದಿತ್ತು.
ಆದರೆ ಆ ಬದಿಗಿಟ್ಟ ಅಂಕಿ,
ಏಳನೆಯ ಸಾಲಿನದು, ಸುಮ್ಮನಿರಲಿಲ್ಲ:
ಇಪ್ಪತ್ತೊಂದು ಪಾಯಿಂಟ್ ಆರು.
ಎರಡು ಸಲ ಭಾಗಿಸಿದೆ. ಅಷ್ಟೇ.
ತಾರೀಖು ನೋಡಿದೆ.

ಅಂದು ರಾಯಚೂರಿನ ಆಸ್ಪತ್ರೆಯಿಂದ
ಪಕ್ಕದ ಕ್ವಾರ್ಟರ್ಸಿನ ಮಹಬೂಬಿಯನ್ನು ಕರೆತಂದಿದ್ದೆ,
ಹೊಟ್ಟೆಗೆ ಹನ್ನೆರಡು ಹೊಲಿಗೆ, ಅದರ ಮೇಲೊಂದು ದಿಂಬು.
ಡಾಕ್ಟರು ಹೇಳಿದ್ದು ಒಂದೇ ಮಾತು: ಕುಲುಕಬಾರದು.
ಐವತ್ತರ ಮೇಲೆ ಮುಳ್ಳು ಏರಲಿಲ್ಲ.
ದೂರದಲ್ಲೇ ಹಂಪು ಕಂಡು ಕಾಲು ತೆಗೆದೆ,
ಎಮ್ಮೆಗಳು ದಾಟುವತನಕ ಹಾರ್ನ್ ಮುಟ್ಟಲಿಲ್ಲ,
ಭತ್ತದ ಲಾರಿ ಕಂಡರೆ ಹಿಂದಿಕ್ಕುವ ನನ್ನ ಚಟ
ಅಂದೊಂದು ದಿನ ಎಲ್ಲಿ ಹೋಗಿತ್ತೋ.
ಸಿರವಾರ ದಾಟುವಷ್ಟರಲ್ಲಿ
ಮಹಬೂಬಿ ಬಾಯಿ ತೆರೆದು ನಿದ್ದೆ ಹೋಗಿದ್ದಳು.
ಟ್ಯಾಂಕಿನಲ್ಲಿದ್ದದ್ದು ಸಾದಾ.

ಇದನ್ನೆಲ್ಲ ಗದ್ದೆಪ್ಪನಿಗೆ ಹೇಳಿದೆ, ಅಂಕಿ ಸಮೇತ.
ಕೇಳಿದ, ಕೈ ಒರೆಸಿಕೊಂಡ.
‘ಖರೇ ಇರಬೋದ್ರಿ ಮೇಡಂ.
ನಾ ದಿನಕ್ಕ ಹತ್ತು ಗಾಡಿಗೆ ಪ್ರೀಮಿಯಂ ಹಾಕಬೇಕು,
ಇಲ್ಲಂದ್ರ ಮಾಲಕ ಮಾರಿ ತಿರುವ್ತಾನ.
ಇವತ್ತ ಒಂಬತ್ತ ಆಗ್ಯಾವ.’

ಹಿಂದೆ ಟ್ರ್ಯಾಕ್ಟರು ಹಾರ್ನ್ ಹೊಡೆಯಿತು.
ಐದು ಲೀಟರ್ ಹಾಕು ಎಂದೆ, ಆ ಕಡೆಯದು.
ನಲವತ್ತು ರೂಪಾಯಿ ಹೆಚ್ಚಾಯಿತು.
ಮೈಲೇಜಿನ ಪುಟದಲ್ಲಿ ಅದಕ್ಕೆ ಜಾಗ ಕೊಡಲಿಲ್ಲ;
ಹಿಂದಿನ ರಟ್ಟಿನ ಒಳಗೆ, ಹಾಲಿನ ಲೆಕ್ಕದ ಕೆಳಗೆ ಬರೆದೆ:
ಗದ್ದೆಪ್ಪ, ಹತ್ತನೆಯದು.