ಇಳುಕಲಿನ ವೇಗ

ಸಡಾ ಗುಡ್ಡದ ಮ್ಯಾಲಿಂದ ವಾಸ್ಕೋ ಬಂದರದ ಗೇಟಿನ ತನಕ
ನೂರಾ ನಲವತ್ತು ಜೋಳದ ರೊಟ್ಟಿ,
ಶೇಂಗಾ ಹಿಂಡಿ ಒಂದು ಡಬ್ಬಿ, ಎಣಗಾಯಿ ಒಂದು ಬೋಗಾಣಿ.
ಎಂಟು ವರ್ಷ ತಲಿ ಮ್ಯಾಲ ಹೊತ್ತೆ.
ಒಂಬತ್ತನೇ ವರ್ಷ, ಸಂಘದ ಸಾಲದಾಗ, ಬ್ಯಾಟರಿ ಸೈಕಲ್.
ಕಂತು ಇನ್ನೂ ಹನ್ನೊಂದು ಅದಾವ.

ಮಾರಿದಂವ ಅಂದಿದ್ದ:
ಎರಡ ಅಂಕಿ ನೆನಪಿಟ್ಟುಕೋ ಬಾಯಿ,
ಇನ್ನೂರೈವತ್ತು, ಇಪ್ಪತ್ತೈದು.
ನಾ ತಿಳಕೊಂಡೆ, ಹಿಡದರ ದಂಡ ಇನ್ನೂರೈವತ್ತು,
ಬಿಡಬೇಕಂದರ ಚಹಾಕ್ಕ ಇಪ್ಪತ್ತೈದು.
ಸೆರಗಿನ ತುದಿಗೆ ಎರಡೂ ಬ್ಯಾರೆ ಬ್ಯಾರೆ ಗಂಟು ಕಟ್ಟಿ
ತಿಂಗಳೊಪ್ಪತ್ತು ತಿರಗಾಡೀನಿ.

ಸೃಷ್ಟಿ ಬಿದ್ದು ಬಿದ್ದು ನಕ್ಕಳು. ಎಂಟನೇತ್ತೆ ಓದತಾಳ,
ಸೈಕಲ್ಲಿನ ಜೋಡಿ ಬಂದ ಇಂಗ್ಲಿಷ್ ಪುಸ್ತಕಾ ಬಿಡಿಸಿ ಹೇಳಿದಳು:
ಇನ್ನೂರೈವತ್ತು ಮೋಟಾರಿನ ತಾಕತ್ತು, ವ್ಯಾಟ್ ಅಂತಾರ.
ಇಪ್ಪತ್ತೈದು ತಾಸಿನ ದಾರಿ, ಕಿಲೋಮೀಟರ್.
ಇಷ್ಟರೊಳಗ ಇದ್ದರ ಲೈಸೆನ್ಸ್ ಬ್ಯಾಡ, ನಂಬರ್ ಪ್ಲೇಟ್ ಬ್ಯಾಡ,
ಕಾಯ್ದೆ ಪ್ರಕಾರ ಇದು ಗಾಡೀನ ಅಲ್ಲವ್ವಾ, ಬರೇ ಸೈಕಲ್.

ಮೂವತ್ತೆಂಟು ಸಾವಿರ ಕೊಟ್ಟಾಕಿಗೆ
ಆ 'ಬರೇ' ಮೊದಲು ಚುಚ್ಚಿತು.
ಆಮ್ಯಾಲ ದೀಪ ಆರಿಸಿ ಮಲಕೊಂಡಾಗ ಹೊಳೀತು.
ರೇಶನ್ ಕಾರ್ಡಿಗೆ ಮೂರು ಸಾಕ್ಷಿ ಕೇಳಿದರು,
ಹುಡುಗೀ ಸ್ಕಾಲರ್‌ಶಿಪ್ಪಿಗೆ ನಾವು ಇಲ್ಲಿ ಎಷ್ಟು ವರ್ಷದವರು ಅಂತ ಕೇಳಿದರು,
ಬಾಡಿಗಿ ಖೋಲಿಯಂವ ಬದಾಮಿ ಪೊಲೀಸರ ಕಾಗದ ಕೇಳಿದ.
ಏನೂ ಬ್ಯಾಡ, ಹೋಗು ಅಂತ
ಸರಕಾರ ನನಗ ಹೇಳಿದ್ದು ಇದೊಂದರಾಗ.

ಇನಾಸ್ ಮೆಕ್ಯಾನಿಕ್ಕಿಗೆ ಇದು ತಿಳಿಯಂಗಿಲ್ಲ.
ಸೀಟಿನ ಬುಡದಾಗ ಒಂದು ಬಿಳಿ ತಂತಿ ತೋರಿಸಿದ,
ಶ್ಯಾವಿಗಿ ಎಳಿಯಷ್ಟು.
ಮುನ್ನೂರು ಕೊಡು, ಕತ್ತರಸ್ತೀನಿ, ನಲವತ್ತು ಓಡತೈತಿ,
ಯಾರು ನೋಡತಾರ?
ನಾ ನೋಡಿದೆ. ಎಳಿಯ ಈಚೀಕ ಸೈಕಲ್ಲಿನಾಕಿ,
ಆಚೀಕ ಕಾಗದಿಲ್ಲದಾಕಿ.
ಬ್ರೇಕಿಗೆ ಹೊಸ ರಬ್ಬರ್ ಹಾಕಿಸಿಕೊಂಡು ಬಂದೆ, ಎಂಬತ್ತು ರೂಪಾಯಿ.

ಬುಧವಾರ ಕೆಳಗಿನ ತಿರುವಿನಾಗ ಒಂದು ಕೈ ಅಡ್ಡ ಬಂತು.
ಎದಿ ಮ್ಯಾಲ ವೆಳಿಪ್ ಅಂತ ಹೆಸರು, ಕೈಯಾಗ ವೇಗದ ಮಷಿನ್.
ಮೂವತ್ತೊಂದು, ಅಂದ. ಲೈಸೆನ್ಸ್ ಎಲ್ಲಿ?
ನನ್ನ ಹರಕು ಕೊಂಕಣಿಯಾಗ ಇಡೀ ಪುಸ್ತಕಾ ಒಪ್ಪಿಸಿದೆ, ವ್ಯಾಟ್ ಸಮೇತ.
ಮೋಟಾರ್ ಬಂದ್ ಇತ್ತ್ರೀ ಸಾಹೇಬ್ರ, ಇದು ಇಳುಕಲಿನ ವೇಗ.
ನೋಟೀಸ್ ಕೊಡೂದಿದ್ದರ ಗುಡ್ಡಕ್ಕ ಕೊಡ್ರಿ.

ಆತ ನಗಲಿಲ್ಲ.
ಸಪಾಟ ರಸ್ತಾದಾಗ ಓಡಿಸು ಅಂದ. ಇಪ್ಪತ್ನಾಕು.
ಏರಿನಾಗ ಓಡಿಸು ಅಂದ.
ಹನ್ನೊಂದು, ಅದೂ ತೇಕು ಬಿಟಗೋತ.
ಒಂದು ಗಳಿಗಿ ಸುಮ್ಮನಿದ್ದು
ಬಳ್ಳಿ ಸರಿಸಿ ಒಂದು ಬೋರ್ಡ್ ತೋರಿಸಿದ.
ಎಂಟು ವರ್ಷ ಅದರ ಬುಡಕ ಬುಟ್ಟಿ ಇಳಿಸಿ
ನಾ ದಣಿವಾರಿಸಿಕೊಂಡ ಕಂಬ ಅದು.
ಕೆಂಪು ವರ್ತುಲದಾಗ ಇಪ್ಪತ್ತು.
ನಿನ್ನ ಸೈಕಲ್ಲಿಗೆ ಕಾಗದ ಬ್ಯಾಡ, ಖರೆ.
ಈ ತಿರುವು ಮೋಟಾರೋ ಗುಡ್ಡೋ ಅಂತ ಕೇಳಂಗಿಲ್ಲ ಬಾಯಿ.
ಕೆಳಗ ಸಾಲಿ ಐತಿ.

ದಂಡ ಹಾಕಲಿಲ್ಲ. ರೊಟ್ಟೀನೂ ಕೇಳಲಿಲ್ಲ.
ಗೇಟಿನ ಹತ್ತರ ಹಮಾಲರು
ಇವತ್ತ್ಯಾಕ ತಡಾ ಅಂದರ ಏನಂತ ಹೇಳಲಿ,
ಪರೀಕ್ಷಾ ಇತ್ತು ಅಂದೆ.

ಸೆರಗಿನಾಗ ಈಗ ಗಂಟು ಮೂರು,
ಮೂರನೇದರಾಗ ರೊಕ್ಕಿಲ್ಲ.
ತಿರುವು ಬಂತಂದರ ಎರಡೂ ಬ್ರೇಕ್ ಒತ್ತತೀನಿ.
ಬುಟ್ಟಿಯಾಗ ನಿಲ್ಲಿಸಿದ ರೊಟ್ಟಿ ಅಷ್ಟೂ
ಮುಂದಕ ವಾಲತಾವ,
ಬೋರ್ಡ್ ಓದಾಕ ಬಂದವರ ಹಂಗ.